ಇನ್ಸ್‌ಪೆಕ್ಷನ್‌ನವಳು ಮಾಡಿದ ಸಹಾಯ

ನಾನು ಕೆಲಸ ಮಾಡಿದ್ದು ಸರ್ಕಾರಿ ಕಾರ್ಖಾನೆಯೊಂದರ ಇನ್ಸ್‌ಪೆಕ್ಷನ್ ವಿಭಾಗದಲ್ಲಿ. ಅಲ್ಲಿ ನಮಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ತಯಾರಾಗಿ ಬಂದ ಸರ್ಕ್ಯೂಟ್ ಬೋರ್ಡಿನಲ್ಲಿ ದೋಷ ಕಂಡರೆ ಆ ಜಾಗಕ್ಕೊಂದು ಕೆಂಪು ದಾರ ಕಟ್ಟಿ ವಾಪಸು ಕಳಿಸಬೇಕು, ಅಷ್ಟೆ. ಏನು ದೋಷ ಎಂದು ಬಾಯಿಬಿಡುವ ಹಾಗಿಲ್ಲ, ಕೈ ಹಾಕುವ ಹಾಗಂತೂ ಇಲ್ಲವೇ ಇಲ್ಲ. ನಾವೇ ಸರಿ ಮಾಡಿಬಿಟ್ಟರೆ ಆಮೇಲೆ ಅದನ್ನು ಪರೀಕ್ಷೆ ಮಾಡುವವರು ಯಾರು? ಮಾಡಿದವರೇ ಹುಡುಕಿಕೊಂಡರೆ ಅದೇ ತಪ್ಪು ಮತ್ತೆ ಬರುವುದಿಲ್ಲ ಎಂದು ನಮ್ಮ ಮೇಲಿನವರು ನಂಬಿದ್ದರು. ನಾನೂ ನಂಬಿದ್ದೆ. ರಿಟೈರಾಗಿ ಇಂದಿರಾನಗರದ ಮನೆಯಲ್ಲಿ ಕೂತ ಮೇಲೂ ಒಂದು ಉಂಡೆ ಕೆಂಪು ದಾರ ನನ್ನ ಮೇಜಿನ ಮೇಲೆ ಇದ್ದೇ ಇತ್ತು.

ಜೋಗುಪಾಳ್ಯದಲ್ಲಿ ನನ್ನ ಬ್ಲೌಸ್ ಹೊಲಿಯುವ ಹೆಂಗಸಿನ ಮಗಳು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಳು. ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದು ಅವಳನ್ನು ಕೆಲಸಕ್ಕೆ ಆರಿಸಿಕೊಂಡಿತ್ತು. ಪ್ರಾಜೆಕ್ಟ್ ಪಾಸಾಗದಿದ್ದರೆ ಡಿಪ್ಲೊಮಾ ಇಲ್ಲ, ಡಿಪ್ಲೊಮಾ ಇಲ್ಲದಿದ್ದರೆ ಆ ಕೆಲಸವೂ ಇಲ್ಲ. ಕ್ಲಾಸಿನ ಅರ್ಧಕ್ಕರ್ಧ ಮಕ್ಕಳು ಅಂಗಡಿಯಿಂದ ರೆಡಿಮೇಡ್ ಪ್ರಾಜೆಕ್ಟ್ ತಂದು ನಿಶ್ಚಿಂತೆಯಾಗಿದ್ದರು. ಇವಳಿಗೆ ಮಾತ್ರ ತಾನೇ ಮಾಡಬೇಕೆಂಬ ಹಠ.

"ಮೇಡಂ, ನೀವು ಫ್ಯಾಕ್ಟ್ರೀಲಿ ಇದ್ದೋರು. ನಮ್ಮ ಹುಡುಗೀದು ಸ್ವಲ್ಪ ನೋಡಿ" ಎಂದರು ತಾಯಿ, ನನ್ನ ತೋಳಿನ ಅಳತೆ ತೆಗೆಯುತ್ತ.

"ನೋಡ್ತೀನಿ. ಮಾಡ್ಕೊಡಲ್ಲ" ಎಂದೆ.

ಅವಳ ಪ್ರಾಜೆಕ್ಟು ಈ ಊರಿನ ಪ್ರತಿ ಮನೆಗೂ ಬೇಕಾದದ್ದೇ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ತುಂಬಿದ ಕೂಡಲೇ ಮೋಟರು ತಾನಾಗಿ ನಿಲ್ಲಬೇಕು. ಟ್ಯಾಂಕಿನೊಳಗೆ ಇಳಿಬಿಟ್ಟ ಎರಡು ತಂತಿಗಳಿಗೆ ನೀರು ತಾಗಿದರೆ ಅದರ ಮೂಲಕ ಒಂದಿಷ್ಟು ವಿದ್ಯುತ್ ಹರಿಯುತ್ತದೆ, ಬೋರ್ಡಿಗೆ ಟ್ಯಾಂಕು ತುಂಬಿದ್ದು ತಿಳಿಯುತ್ತದೆ. ಭಾನುವಾರ ಬೆಳಿಗ್ಗೆ ಅವಳು ಬಂದು ನನ್ನ ಊಟದ ಮೇಜಿನ ಮೇಲೆ ಎಲ್ಲ ಜೋಡಿಸಿದಳು. ಟ್ಯಾಂಕಿನ ಬದಲು ಒಂದು ಡಬ್ಬಿ, ಮೋಟರಿನ ಬದಲು ಒಂದು ಬಲ್ಬು. ನಾನು ಅಡುಗೆಮನೆಯಿಂದ ಜಗ್ಗಿನಲ್ಲಿ ನೀರು ತಂದುಕೊಟ್ಟೆ. ಡಬ್ಬಿ ತುಂಬಿತು, ಬಲ್ಬು ಆರಲಿಲ್ಲ.

"ಅಯ್ಯೋ, ಮನೇಲಿ ವರ್ಕ್ ಆಗ್ತಿತ್ತು ಆಂಟಿ!"

"ಎಲ್ಲರೂ ಹೇಳೋದು ಇದನ್ನೇ" ಎಂದೆ. ಇನ್ಸ್‌ಪೆಕ್ಷನ್‌ನಲ್ಲಿ ಇದ್ದವರು ಈ ಮಾತನ್ನು ನಂಬಿದ ಉದಾಹರಣೆಯೇ ಇಲ್ಲ. ನನಗೆ ಅನುಮಾನ ಬಂದ ಜಾಗಕ್ಕೆ ಕೆಂಪು ದಾರ ಕಟ್ಟಿ ಕಳಿಸಿದೆ.

ಅವಳು ಅದನ್ನು ಬದಲಾಯಿಸಿ ತಂದಳು. ನಾನು ನೀರು ತಂದುಕೊಟ್ಟೆ. ಬಲ್ಬು ಆರಲಿಲ್ಲ. ದಾರ ಇನ್ನೊಂದು ಜಾಗಕ್ಕೆ ಹೋಯಿತು. ಹೀಗೇ ಭಾನುವಾರಗಳು ಕಳೆದವು.

"ನಮ್ಮ ಅಮ್ಮಿ ಬ್ಲೌಸ್ ಬಿಗಿ ಮಾಡಿದ್ರೂ ಹಿಂಗೇ ದಾರ ಕಟ್ಟಿ ವಾಪಸ್ ಕಳಿಸ್ತೀರಾ?" ಎಂದು ಒಮ್ಮೆ ಕೇಳಿದಳು. ನಗುತ್ತಲೇ ಕೇಳಿದಳು, ಆದರೆ ಕಣ್ಣು ತುಂಬಿತ್ತು. ನನಗೆ ಪಾಪ ಅನಿಸಿತು. ಆದರೂ ನನ್ನ ಅನುಮಾನ ಏನೆಂದು ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ದಿನವೂ ಭಾನುವಾರವೇ. ಅವತ್ತು ಹುಡುಗಿ ಬೋರ್ಡು ತಂದು ಕೂತಿದ್ದಾಗಲೇ ಹಲಸೂರಿನಿಂದ ನನ್ನ ಹಳೆಯ ಸಹೋದ್ಯೋಗಿ ಬಂದರು. ಅವರು ಡಿಸೈನ್ ವಿಭಾಗದಲ್ಲಿದ್ದವರು, ಕೇಳಿದ ಮಕ್ಕಳಿಗೆಲ್ಲ ಪುಕ್ಕಟೆ ಪ್ರಾಜೆಕ್ಟ್ ಮಾಡಿಕೊಡುವ ಧಾರಾಳಿ.

"ಗೊತ್ತಿರೋದನ್ನ ಬಚ್ಚಿಟ್ಕೊಂಡು ಏನ್ ಮಾಡ್ತೀರಿ, ಉಪ್ಪಿನಕಾಯಿ ಹಾಕ್ತೀರಾ?" ಎಂದರು ನನಗೆ.

"ನೀವು ಮಾಡ್ಕೊಟ್ರೆ ಮಾರ್ಕ್ಸು ನಿಮಗೇ ಬರ್ಬೇಕು ಕಣ್ರೀ" ಎಂದು ಕಾಫಿ ಮಾಡಲು ಒಳಗೆ ಹೋದೆ. ಲೋಟ ಹಿಡಿದು ಬರುವಷ್ಟರಲ್ಲಿ ಅವರು ಒಂದು ಬಿಡಿಭಾಗ ಕಿತ್ತು ಬೇರೆ ಹಾಕಿ, ಚೂರೇ ಚೂರು ವಿದ್ಯುತ್ ಹರಿದರೂ ಸಾಕು ಎನ್ನುವಷ್ಟು ಬೋರ್ಡನ್ನು ಸೂಕ್ಷ್ಮ ಮಾಡಿದ್ದರು. ಜಗ್ಗಿನ ನೀರು ಹೊಯ್ದರು, ಬಲ್ಬು ಟಪ್ಪನೆ ಆರಿತು. ಹುಡುಗಿ ಚಪ್ಪಾಳೆ ಹೊಡೆದಳು. ಅವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಮೈಯೆಲ್ಲ ಉರಿದುಹೋಯಿತು.

ಸಂಜೆ ಹುಡುಗಿಯ ಫೋನು ಬಂತು.

"ಆಂಟಿ, ಮನೇಲಿ ನಲ್ಲಿ ನೀರು ಹಾಕಿದ್ರೆ ಬಲ್ಬು ಹತ್ತಾನೇ ಇಲ್ಲ. ಡಬ್ಬಿ ಖಾಲಿ ಮಾಡಿದ್ರೂ, ಒಳಗೆ ಒದ್ದೆ ಇದ್ರೆ ಸಾಕು, ತುಂಬಿದೆ ಅಂತಾನೇ ಅಂದ್ಕೊಳ್ಳುತ್ತೆ. ನಾಳೆ ಏನ್ ಮಾಡ್ಲಿ?"

ಧಾರಾಳಿಗಳಿಗೆ ಫೋನ್ ಮಾಡಿದರೆ ತೆಗೆಯಲಿಲ್ಲ. ಮತ್ತೆ ಅವಳಿಗೇ ಮಾಡಿ, ಜನ್ಮದಲ್ಲಿ ಯಾರಿಗೂ ಹೇಳದ ಮಾತು ಹೇಳಿದೆ.

"ತಗೊಂಡ್ಬಾ. ನಾನೇ ಕೂತು ಸರಿ ಮಾಡ್ಕೊಡ್ತೀನಿ."

ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು.

"ಬೇಡ ಆಂಟಿ" ಎಂದಳು. "ಇಲ್ಲಿ ಒಂಥರಾ, ನಿಮ್ಮನೇಲಿ ಇನ್ನೊಂಥರಾ ಆಗ್ತಿದೆ. ಯಾಕೆ ಅಂತ ನೋಡ್ತೀನಿ."

ಮಾರನೆಯ ದಿನ ಮಧ್ಯಾಹ್ನ ನೆಟ್ಟಗೆ ನಮ್ಮ ಮನೆಗೇ ಬಂದಳು. ಮುಖ ನೋಡಿದೊಡನೆ ನನಗೆ ಜೀವ ಬಂತು.

"ಎಕ್ಸಾಮಿನರ್ ತಾವೇ ತುಂಬಿಸಿ, ಖಾಲಿ ಮಾಡಿ, ಮತ್ತೆ ತುಂಬಿಸಿ ನೋಡಿದ್ರು ಆಂಟಿ. ಒಂದು ಸಲಾನೂ ಕೈ ಕೊಡ್ಲಿಲ್ಲ. ಪಾಸು!"

"ಅಂಕಲ್ ಹಾಕಿದ್ದು?"

"ರಾತ್ರೀನೇ ಕಿತ್ತಾಕಿ ನಂದೇ ವಾಪಸ್ ಹಾಕ್ದೆ."

"ಹಾಗಾದ್ರೆ ದೋಷ ಎಲ್ಲಿತ್ತೇ?"

ಅವಳು ಮೇಜಿನ ಮೇಲಿದ್ದ ಉಂಡೆಯಿಂದ ಒಂದು ತುಂಡು ಕೆಂಪು ದಾರ ಹರಿದಳು. ನನ್ನ ನೀರಿನ ಜಗ್ಗಿನ ಹಿಡಿಗೆ ಕಟ್ಟಿ, ಅಚ್ಚುಕಟ್ಟಾಗಿ ಗಂಟು ಹಾಕಿದಳು.

"ಏನೇ ಇದು?"

"ಹೇಳೋ ಹಾಗಿಲ್ವಲ್ಲ ಆಂಟಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ತಲೆಹರಟೆ!

ಜಗ್ಗಿನ ಮುಂದೆ ಕೂತೆ. ಅದರಲ್ಲಿದ್ದದ್ದು ಕುಡಿಯುವ ಫಿಲ್ಟರ್ ನೀರು. ಉಪ್ಪಿನಂಶವನ್ನೆಲ್ಲ ತೆಗೆದುಹಾಕುವ ಫಿಲ್ಟರು. ಉಪ್ಪಿಲ್ಲದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ ಎಂದು ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಅವಳ ಬೋರ್ಡಿಗೆ ಏನೂ ಆಗಿರಲಿಲ್ಲ, ಅವಳ ಮನೆಯ ನಲ್ಲಿಯಲ್ಲಿ ಬರುವ ಬೋರ್‌ವೆಲ್ ನೀರಿನಲ್ಲಿ ಮೊದಲ ದಿನದಿಂದಲೂ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಮಕ್ಕಳ ಪ್ರಾಜೆಕ್ಟಿಗೆ ಕೈ ಹಾಕಬಾರದು ಎಂದು ಕೂತಿದ್ದ ನಾನು, ಅಷ್ಟೂ ಭಾನುವಾರ ಅವಳಿಗೆ ಕೈಯಾರೆ ಕೊಟ್ಟದ್ದು ಆ ನೀರು ಒಂದನ್ನೇ.