ಹುಳುಮನೆಯ ಗೋಡೆಯಾಚೆ ಬಿಳಿ ಟ್ಯಾಂಕ್

ನಿಮ್ಮ ಕೈಯಲ್ಲಿರುವ ಡಬ್ಬಿ ವಿಷವೋ ಅಲ್ಲವೋ ಎಂದು ತೀರ್ಮಾನಿಸುವ ಹಕ್ಕನ್ನು ನಿಮಗೆ ಕೊಟ್ಟವರು ಯಾರು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆಗಳನ್ನು ಎದುರಾಳಿಗಳಿಗೆ ಎಸೆದು ಬಹುಮಾನ ಗೆದ್ದವನು ನಾನು. ಈ ಪ್ರಶ್ನೆಗೆ ಮಾತ್ರ ನಾನೇ ಉತ್ತರ ಕೊಡಬೇಕಾಯಿತು.

ನಮ್ಮ ಮನೆ ಜಂಗಮಕೋಟೆಯ ಹತ್ತಿರ. ಅಣ್ಣ ಶಿಡ್ಲಘಟ್ಟಕ್ಕೆ ಕೆಲಸಕ್ಕೆ ಹೋಗುತ್ತಾನೆ. ರೇಷ್ಮೆ ಹುಳು ಸಾಕುವವರು ಅತ್ತಿಗೆ. ನನ್ನ ಕೋಣೆಗೂ ಹುಳುಮನೆಗೂ ನಡುವೆ ಒಂದೇ ಗೋಡೆ; ಅದರ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಜಾಲರಿ ಕಿಂಡಿ. ಆ ಕೋಣೆಯಲ್ಲಿ ಕುಳಿತು ನಾನು ಅಂಗೈಯಗಲದ ಆಟಿಕೆ ಯುದ್ಧ ಟ್ಯಾಂಕುಗಳನ್ನು ಜೋಡಿಸಿ ಬಣ್ಣ ಹಾಕುತ್ತೇನೆ. ಯುದ್ಧ ಬೇಡವೆನ್ನುವವನಿಗೆ ಟ್ಯಾಂಕೇಕೆ ಎಂದು ಗೆಳೆಯರು ಕೆಣಕುತ್ತಾರೆ. ಈ ಘಟನೆ ನಡೆದ ಮರುದಿನ ಚಿಕ್ಕಬಳ್ಳಾಪುರದ ವಿದ್ಯಾರ್ಥಿಗಳ ಮುಂದೆ ಅದಕ್ಕೆ ಉತ್ತರಿಸುವುದಿತ್ತು. ಹಿಮದಲ್ಲಿ ಕಣ್ಣಿಗೆ ಬೀಳದಂತೆ ಬಿಳಿ ಬಳಿದ ಟ್ಯಾಂಕೊಂದನ್ನು ತೋರಿಸಿ, ಆ ಬಿಳಿ ಸವೆದ ಕಡೆಯಲ್ಲೆಲ್ಲ ಒಬ್ಬ ಮನುಷ್ಯನ ಕೈಯೋ ಕಾಲೋ ಇತ್ತು ಎಂದು ಹೇಳಬೇಕೆಂದಿದ್ದೆ.

ನಾನು ಹಿಮ ಕಂಡವನಲ್ಲ. ಆ ಬಿಳಿ ಹೇಗೆ ಸವೆಯುತ್ತದೆಂದು ಕಲಿಸಿದವರು ಅತ್ತಿಗೆಯೇ. ನನ್ನ ಮೊದಲ ಮಾದರಿಯನ್ನು ನೋಡಿ, "ಹೊಸಾ ಫ್ರಿಜ್ಜಿದ್ದಂಗೈತೆ ಕಣಪ್ಪ. ಸುಣ್ಣ ಎಲ್ಲಾದ್ರೂ ಹಿಂಗಿರ್ತದಾ? ಕೈಯೂರೋ ಕಡೆ, ಭುಜ ಸವರೋ ಕಡೆ ಮೊದ್ಲು ಹೋಗ್ತದೆ" ಎಂದಿದ್ದರು. ಅಂದಿನಿಂದ ಮುಚ್ಚಳದ ಅಂಚು, ಸೈನಿಕರು ಕಾಲಿಟ್ಟು ಹತ್ತುವ ಜಾಗ, ಇವನ್ನೇ ಹೆಚ್ಚು ಸವೆಸುತ್ತಿದ್ದೆ. ಅದಕ್ಕೊಂದು ಉಪಾಯವಿದೆ. ಹಸಿರು ಬಣ್ಣದ ಮೇಲೆ ತಲೆಗೂದಲಿಗೆ ಬಳಸುವ ಹೇರ್‌ಸ್ಪ್ರೇ ಹೊಡೆಯಬೇಕು. ಅದು ಒಣಗಿದ ಮೇಲೆ ತೆಳುವಾಗಿ ಬಿಳಿ ಬಳಿಯಬೇಕು. ಆಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ನಡುವಿನ ಪದರ ಕರಗಿ, ಬಿಳಿ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಹುಳು ಇರುವಾಗ ನಮ್ಮಲ್ಲಿ ಊದುಬತ್ತಿಯನ್ನೂ ಹಚ್ಚುವುದಿಲ್ಲ. ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆಯುವ ಮೊದಲು ಹುಳು ಸಾಕುವ ಮನೆಗಳಿಗೆ ತಿಳಿಸಬೇಕೆಂದು ಗ್ರಾಮಸಭೆಯಲ್ಲಿ ವಾದಿಸಿ ಒಪ್ಪಿಸಿದವನೂ ನಾನೇ. ಸ್ಪ್ರೇ ಕೆಲಸಕ್ಕೆ ಯಾವಾಗಲೂ ದೂರದ ಬದುವಿಗೆ ಹೋಗುತ್ತಿದ್ದೆ. ಆ ಭಾಷಣದ ಹಿಂದಿನ ದಿನ ಹೊರಗೆ ವಿಪರೀತ ಗಾಳಿ, ದೂಳು. ಹೇರ್‌ಸ್ಪ್ರೇ ಔಷಧಿಯಲ್ಲ, ಅಲಂಕಾರದ ವಸ್ತು ಎಂದು ನನ್ನೊಳಗೇ ವಾದ ಹೂಡಿದೆ. ಎದುರಾಳಿ ಇರಲಿಲ್ಲವಾದ್ದರಿಂದ ಗೆದ್ದೆ. ಬಾಗಿಲು ಹಾಕಿಕೊಂಡು ಮೂರು ಸಲ ಹೊಡೆದೆ.

ಹುಳುಗಳು ನಾಲ್ಕನೇ ಜ್ವರ, ಎಂದರೆ ಕೊನೆಯ ಪೊರೆ, ಕಳೆದು ನಾಲ್ಕು ದಿನವಾಗಿತ್ತು. ಇನ್ನು ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಬೇಕು. ನಾನು ಬಿಳಿಯನ್ನು ಉಜ್ಜುತ್ತಿದ್ದಾಗ ಗೋಡೆಯಾಚೆಯಿಂದ ಅತ್ತಿಗೆಯ ದನಿ ಕೇಳಿತು: "ಅಯ್ಯೋ, ಸೊಪ್ಪು ಮುಟ್ತಿಲ್ಲ! ತಲೆ ಎತ್ಕೊಂಡವೆ!"

ಓಡಿದೆ. ಗೋಡೆ ಪಕ್ಕದ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ತೂಗುತ್ತಿದ್ದವು. ಕೆಲವು ಹಸಿರು ನೀರು ಕಾರುತ್ತಿದ್ದವು. ಅತ್ತಿಗೆ ದ್ರಾಕ್ಷಿ ತೋಟದ ಕಡೆಯ ಕಿಟಕಿಗಳನ್ನು ದಡದಡನೆ ಮುಚ್ಚಿ, ಸೆರಗು ಸಿಕ್ಕಿಸಿಕೊಂಡು ಬೇಲಿಗೆ ನಡೆದರು. ನಾನೂ ಹಿಂದೆಯೇ ಹೋದೆ.

"ಏನ್ ಮಾವ, ಒಂದ್ ಮಾತು ಹೇಳ್ದೆ ಔಷಧಿ ಹೊಡೆದ್ಬಿಟ್ರಾ?"

ತೋಟದ ಯಜಮಾನರು ಬೇಲಿಯ ಹತ್ತಿರ ಬಂದರು. "ಏಮಮ್ಮಾ, ನಿನ್ ಮೈದುನ ಸಭೇಲಿ ಅಷ್ಟುದ್ದ ಭಾಷಣ ಬಿಗಿದ್ಮೇಲೂ ಹೊಡೀತೀನಾ? ಬಾ, ಮಿಷನ್ ಮುಟ್ಟಿ ನೋಡು, ಒಣಗೈತೆ."

"ಹಂಗಾದ್ರೆ ನನ್ ಹುಳ ಸುಮ್ನೆ ಸಾಯ್ತವಾ?"

ನಾನು ಬಾಯಿ ಬಿಡದಿದ್ದರೆ ಸಾಕಿತ್ತು. ಊರು ಯಜಮಾನರನ್ನೇ ದೂರುತ್ತಿತ್ತು. ಆದರೆ ಕಿಟಕಿಗಳು ಮುಚ್ಚಿದ್ದವು, ಕಿಂಡಿ ತೆರೆದಿತ್ತು. ನನ್ನ ಕೋಣೆಯ ಘಾಟು ಹುಳುಮನೆಯೊಳಗೆ ಇಳಿಯುತ್ತಲೇ ಇತ್ತು. ನಾನು ಸುಮ್ಮನಿದ್ದಷ್ಟು ಹೊತ್ತೂ ಅವು ಅದನ್ನೇ ಉಸಿರಾಡಬೇಕು.

"ಅತ್ತಿಗೆ, ಮಾವ ಅಲ್ಲ. ನಾನು. ಕಿಟಕಿ ತೆಗೀರಿ."

"ಏನ್ ಹೊಡ್ದೆ?"

"ಹೇರ್‌ಸ್ಪ್ರೇ. ಟ್ಯಾಂಕಿಗೆ."

"ಟ್ಯಾಂಕಿಗೂ ಕೂದ್ಲು ಬಂತಾ?" ಎಂದರು ಯಜಮಾನರು. ಯಾರೂ ನಗಲಿಲ್ಲ. ಅಷ್ಟರಲ್ಲಿ ಅವರೇ ಬೇಲಿ ದಾಟಿ ಬಂದಾಗಿತ್ತು.

ಕಿಟಕಿಗಳನ್ನೆಲ್ಲ ತೆರೆದೆವು. ಕಿಂಡಿಗೆ ಒದ್ದೆ ಗೋಣಿ ತುರುಕಿದೆವು. ಮೂವರೂ ತಟ್ಟೆಗಳನ್ನು ಆಚೆ ಬದಿಗೆ ಸಾಗಿಸಿ, ಹಳೆಯ ಸೊಪ್ಪು ತೆಗೆದು ಹೊಸದು ಹಾಕಿದೆವು. ಸಂಜೆಯ ಹೊತ್ತಿಗೆ ದೂರದ ತಟ್ಟೆಗಳಿಂದ ಸೊಪ್ಪು ಕಡಿಯುವ ಚರಚರ ಸದ್ದು ಶುರುವಾಯಿತು. ಅತ್ತಿಗೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಗೋಡೆ ಪಕ್ಕದ ಎರಡು ತಟ್ಟೆಗಳ ಹುಳುಗಳು ಉಳಿಯಲಿಲ್ಲ. ನಾನೇ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆ. ಸತ್ತದ್ದು ಆ ಸ್ಪ್ರೇಯಿಂದಲೇ ಎಂದು ಯಾರೂ ಪರೀಕ್ಷಿಸಿ ಹೇಳಿಲ್ಲ. ಆ ಸಂಶಯದ ಲಾಭ ನನಗೆ ಬೇಡ.

ನಿಮ್ಮ ನೆರೆಯಲ್ಲಿ ಹುಳು ಸಾಕುವ ಮನೆಯಿದ್ದರೆ, ಯಾವುದೇ ಸ್ಪ್ರೇ ಡಬ್ಬಿ ಒತ್ತುವ ಮೊದಲು ದಯವಿಟ್ಟು ಅಲ್ಲಿಗೆ ಹೋಗಿ ಕೇಳಿ. ಒತ್ತಿಯಾಗಿದ್ದರೆ, ಕೂಡಲೇ ಹೋಗಿ ಹೇಳಿ.