ಮೂರ್ಛೆ ಹೋಗೋಕೆ ಪುರುಸೊತ್ತು

ಮೊನ್ನೆ ಮೊಮ್ಮಗಳು ಫೋನನ್ನು ನನ್ನ ಮೂಗಿಗೆ ತಾಗೋ ಹಾಗೆ ಹಿಡಿದು, "ನೋಡಜ್ಜಿ, ಇವಳು ಥೇಟ್ ನಾನೇ" ಅಂದಳು. ನೋಡಿದರೆ ಗೊಂಬೆ ಚಿತ್ರ. ಪರೀಕ್ಷೆ ಹತ್ತಿರ ಬಂತು ಅಂತ ಚಿತ್ರದ ಹುಡುಗಿ ಮಂಚದ ಕೆಳಗೆ ಸೇರಿಕೊಂಡಿದ್ದಾಳೆ. ಒಂದು ಕೈ ಮಾತ್ರ ಹೊರಗೆ ಬಂದು ಚಿಪ್ಸ್ ಹುಡುಕುತ್ತಿದೆ. ವಾರವಾರ ಈ ಕಥೆ ಫೋನಿನಲ್ಲೇ ಬರುತ್ತದಂತೆ, ಅದರ ಕೆಳಗೆ ಊರೂರಿನ ಹುಡುಗಿಯರು "ನಾನೂ ಹೀಗೇ, ನಾನೂ ಹೀಗೇ" ಅಂತ ಬರೆಯುತ್ತಾರಂತೆ. ಟೆನ್ಷನ್ ಆದರೆ ಮಂಚದ ಕೆಳಗೆ ನುಗ್ಗೋದೂ ಒಂದು ಹೆಚ್ಚುಗಾರಿಕೆ! ನಮ್ಮ ಮಂಚದ ಕೆಳಗೆ ಈರುಳ್ಳಿ ಹರಡಿರುತ್ತಿತ್ತು, ಮನುಷ್ಯರಿಗೆ ಜಾಗವೇ ಇರಲಿಲ್ಲ.

ನಕ್ಕೆ. ಆದರೆ ನೀವೇ ಹೇಳಿ, ನಮ್ಮ ಹುಚ್ಚೇನು ಕಮ್ಮಿ ಇತ್ತಾ?

ತೊಂಬತ್ತರ ಆಸುಪಾಸು ಇರಬೇಕು. ದೊಡ್ಡಬಳ್ಳಾಪುರದಲ್ಲಿ ನಾನು, ಸರೋಜ, ನಾಗರತ್ನ ಮೂವರೂ ಒಂದೇ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದೆವು. ಸೀರೆಗೆ ಅಡ್ಡ ಹೋಗೋ ನೂಲನ್ನು ಮೆಷಿನ್ನಲ್ಲಿ ಸಣ್ಣ ಕೊಳವೆಗೆ ಸುತ್ತಿ ಕೊಡೋ ಕೆಲಸ. ಮಗ್ಗ ಓಡುವಾಗ ಪಕ್ಕದವಳು ಬೈದರೂ ಕೇಳದಷ್ಟು ಸದ್ದು. ಕರೆಂಟ್ ಹೋದರೆ ಮಾತ್ರ ನಮಗೆ ಬಾಯಿ, ಕಿವಿ ಎರಡೂ ಬರೋದು. ಆಗ ವಾರಪತ್ರಿಕೆಯ ಚಿತ್ರಕಥೆ ಆಚೆಗೆ ತೆಗೆಯುತ್ತಿದ್ದೆವು. ನಾಲ್ಕನೇ ಕ್ಲಾಸು ಮುಟ್ಟಿದ್ದವಳು ನಾನೊಬ್ಬಳೇ, ಹಾಗಾಗಿ ಓದೋಳು ನಾನು. ಕಷ್ಟದ ಒತ್ತಕ್ಷರ ಬಂದರೆ ನುಂಗಿಬಿಡುತ್ತಿದ್ದೆ. ಕಥೆಗೇನೂ ತೊಂದರೆ ಆಗಲಿಲ್ಲ.

ಅದರಲ್ಲಿ ಮೂವರು ಅಕ್ಕತಂಗಿಯರು. ವಾರಕ್ಕೊಂದು ಅನಾಹುತ. ಅನಾಹುತ ಆದಾಗಲೆಲ್ಲ ದೊಡ್ಡವಳು ಸೊಂಟಕ್ಕೆ ಕೈಯಿಟ್ಟು ಎಲ್ಲರಿಗೂ ಅಪ್ಪಣೆ ಕೊಡುವಳು. ನಡುವಿನವಳು ತುಟಿ ಪಿಟಕ್ ಅನ್ನದೆ ಒಂದೇ ಒಂದು ಹನಿ ಕಣ್ಣೀರು ಸುರಿಸುವಳು. ಕಿರಿಯವಳು ಧೊಪ್ಪಂತ ಮೂರ್ಛೆ ಹೋಗುವಳು. ದೊಡ್ಡವಳು ನಾನೇ ಅಂತ ಓದೋಳ ಹಕ್ಕಿನಲ್ಲಿ ಮೊದಲೇ ಹೇಳಿಬಿಟ್ಟಿದ್ದೆ. ನಡುವಿನವಳನ್ನು ಸರೋಜ ಹಿಡಿದುಕೊಂಡಳು.

"ನಾನು ಚಿಕ್ಕೋಳ ಥರ ಕಣ್ರೇ. ಒಂದು ಕೆಟ್ಟ ಸುದ್ದಿ ಕೇಳಿದ್ರೆ ಸಾಕು, ಎದೆ ನಿಂತೋಗುತ್ತೆ" ಅಂದಳು ನಾಗರತ್ನ.

"ನೀನಾ? ಎಮ್ಮೆ ಒದ್ರೂ ಅಲ್ಲಾಡದೋಳು!" ಅಂದಳು ಸರೋಜ.

"ಎಲ್ಲಿ, ಈಗೊಂದು ಮೂರ್ಛೆ ಹೋಗು. ಸೆರಗಲ್ಲಿ ಗಾಳಿ ಹಾಕ್ತೀವಿ" ಅಂದೆ ನಾನು.

ಅವಳಿಗೆ ಸಿಟ್ಟು ಬರಲಿಲ್ಲ. ಕಿರಿಯವಳು ಬೀಳುವಾಗ ನಾಲ್ಕು ಜನ ಓಡಿ ಬಂದು ಹಿಡಿಯೋ ಚಿತ್ರವನ್ನೇ ನೋಡುತ್ತಾ ಕೂತಳು.

ಕರೆಂಟ್ ಹೋದ ಕೂಡಲೇ ಮೆಷಿನ್ ಸ್ವಿಚ್ ಆಫ್ ಮಾಡಬೇಕು. ಅದು ಶೆಡ್ಡಿನ ಮೊದಲ ಪಾಠ. ಇಲ್ಲದಿದ್ದರೆ ಕರೆಂಟ್ ಬಂದಾಗ ತಾನಾಗೇ ಹೊರಡುತ್ತದೆ. ಒಂದು ದಿನ ಕಥೆಯಲ್ಲಿ ಕಿರಿಯವಳ ಮದುವೆ ನಿಂತುಹೋಗುವುದರಲ್ಲಿತ್ತು, ಸ್ವಿಚ್ಚಿನ ನೆನಪು ಯಾರಿಗಿರುತ್ತೆ? ಸರೋಜ ಮೆಷಿನ್ನಿಗೇ ಒರಗಿ ಕೂತಿದ್ದಳು. ಮೊಣಕಾಲು ಮುಟ್ಟೋ ಅವಳ ಜಡೆ ಬೆಲ್ಟಿನ ಮೇಲೆ ಬಿದ್ದಿತ್ತು.

ಕರೆಂಟ್ ಬಂತು.

ಬೆಲ್ಟು ಜಡೆಯನ್ನು ಎಳೆದುಕೊಂಡಿತು. ಒಂದು ಹನಿ ಕಣ್ಣೀರಿನ ಸರೋಜ ಕರೆಂಟಿನೋರ ವಂಶವನ್ನೆಲ್ಲ ಬೈಯುತ್ತಾ ಕಿರುಚಿಕೊಂಡಳು. ತಲೆ ಚಕ್ರದ ಕಡೆ ಹೋಗುತ್ತಿದೆ. ನಾನು ಸೊಂಟಕ್ಕೆ ಕೈಯಿಟ್ಟು ನಿಂತು, "ಯಾರಾದ್ರೂ ಸ್ವಿಚ್ ಆಫ್ ಮಾಡ್ರೇ!" ಅಂತ ಕೂಗುತ್ತಿದ್ದೆ. ಸ್ವಿಚ್ ಇದ್ದದ್ದು ನನ್ನ ಬೆನ್ನ ಹಿಂದೆಯೇ. ನಾಗರತ್ನ ನನ್ನನ್ನು ಮೂಟೆ ತಳ್ಳಿದ ಹಾಗೆ ಪಕ್ಕಕ್ಕೆ ತಳ್ಳಿ ಸ್ವಿಚ್ ಆಫ್ ಮಾಡಿದಳು. ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ನೂಲಿನ ಕತ್ತರಿ ತೆಗೆದುಕೊಂಡು ಕುತ್ತಿಗೆಯ ಹತ್ತಿರವೇ ಜಡೆಯನ್ನು ಕತ್ತರಿಸಿಬಿಟ್ಟಳು. ಜಡೆ ಹೋಯಿತು, ತಲೆ ಉಳಿಯಿತು.

"ಇನ್ನೊಂಚೂರು ಕೆಳಗೆ ಕತ್ತರಿಸೋಕೆ ಆಗ್ತಿರ್ಲಿಲ್ವೇನೇ?" ಉಸಿರು ಬಂದ ಮೇಲೆ ಸರೋಜ ಆಡಿದ ಮೊದಲ ಮಾತು ಅದು.

ನಾಗರತ್ನ ಅವಳಿಗೆ ನೀರು ಕುಡಿಸಿ, ಕೈ ಒರೆಸಿಕೊಂಡು, ಕಂಡಿಕೆ ಸುತ್ತೋಕೆ ಕೂತಳು.

ಮುಂದಿನ ವಾರ ಚಿತ್ರಕಥೆ ಓದುವಾಗ ಅವಳು ಮತ್ತೆ ಅದನ್ನೇ ಅಂದಳು: "ನಾನು ಚಿಕ್ಕೋಳ ಥರ ಕಣ್ರೇ." ಸರೋಜ ಬೋಳುಗುತ್ತಿಗೆ ಸವರಿಕೊಂಡು ನನ್ನ ಮುಖ ನೋಡಿದಳು. ನಾವಿಬ್ಬರೂ ನಗಲಿಲ್ಲ. ನಾಗರತ್ನನ ಗಂಡ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಅತ್ತೆಗೆ ಕಣ್ಣು ಕಾಣದು, ಮಕ್ಕಳು ಸಣ್ಣವು. ಆ ಮನೆಯಲ್ಲಿ ಇವಳು ಬಿದ್ದರೆ ಹಿಡಿಯೋರು ಯಾರು? ಬೀಳೋ ಆಸೆ ಇಲ್ಲದೆ ಅಲ್ಲ, ಬೀಳೋಕೆ ಪುರುಸೊತ್ತಿರಲಿಲ್ಲ. ಚಿತ್ರದವಳು ಇವಳ ಬದಲಿಗೆ ಬೀಳುತ್ತಿದ್ದಳು.

ಮೊಮ್ಮಗಳ ಮುಖವನ್ನು ಮತ್ತೆ ನೋಡಿದೆ. ಹೋದ ತಿಂಗಳು ಇವಳಮ್ಮ ಆಸ್ಪತ್ರೆ ಸೇರಿದಾಗ ಅಡುಗೆ, ಔಷಧಿ, ತಮ್ಮನ ಸ್ಕೂಲು, ನನ್ನ ಬಾಯಿ ಎಲ್ಲ ಸಂಭಾಳಿಸಿದವಳು ಇವಳೇ. ಒಂದು ಸಲವಾದರೂ ಮಂಚದ ಕೆಳಗೆ ಹೋಗಿದ್ದನ್ನು ನಾನು ಕಾಣೆ.

ಅಷ್ಟರಲ್ಲಿ ಬೆಲ್ ಆಯಿತು. ಫೋನ್ ಬಿಸಾಕಿ ಎದ್ದೇಬಿಟ್ಟಳು.

"ಬಿದ್ಕೊಳೇ, ನಾನು ಹೋಗ್ತೀನಿ."

"ಗ್ಯಾಸ್ ಸಿಲಿಂಡರ್ ಅಜ್ಜಿ. ನಿನ್ನ ಕೈಲಿ ಎತ್ತೋಕಾಗಲ್ಲ."

"ಆಗದಿದ್ರೆ ಬಾಗಿಲಲ್ಲೇ ಬಿದ್ದಿರುತ್ತೆ. ಯಾರ ಗಂಟು ಹೋಗುತ್ತೆ?"

ಅವಳನ್ನು ಹಾಸಿಗೆಗೆ ದಬ್ಬಿ, ರೂಮಿನ ಬಾಗಿಲು ಎಳೆದುಕೊಂಡು ಬಂದೆ.