ಕಡುಬು ಬಿಟ್ಟು ಪಾಡ್ರೆಸ್ ನೋಡಲು ಹೋದ ಶೋಭಾ

ಸೆರಿಟೋಸ್‌ನ ಕನ್ನಡದವರಲ್ಲಿ ಪಾಡ್ರೆಸ್ ಟೀಮಿನ ಕಡೆಯವಳು ಶೋಭಾ ಒಬ್ಬಳೇ. ಉಳಿದವರೆಲ್ಲ ಡಾಜರ್ಸ್. ಲಾಸ್ ಏಂಜಲೀಸ್ ಮಗ್ಗುಲಲ್ಲಿ ಮನೆ ಮಾಡಿಕೊಂಡು ಆ ಊರಿನ ಬೇಸ್‌ಬಾಲ್ ಟೀಮಿಗೆ ಜೈ ಅನ್ನುವುದರಲ್ಲಿ ತಪ್ಪೇನಿಲ್ಲ, ಅದರಲ್ಲೂ ಆ ಟೀಮು ಗೆಲ್ಲುತ್ತಲೇ ಇರುವಾಗ. ಶೋಭಾಳ ಟೀಮು ನೂರು ಮೈಲಿ ಆಚೆ, ಸ್ಯಾನ್ ಡಿಯಾಗೋದಲ್ಲಿತ್ತು. ಅದು ಒಮ್ಮೆಯೂ ಕಪ್ ಎತ್ತಿದ್ದಿಲ್ಲ. ಅದರ ಬಣ್ಣ ಕಂದು ಮತ್ತು ಹಳದಿ. "ಕಾಫಿ ಪುಡಿ, ಅರಿಶಿನದ ಪುಡಿ. ನಮ್ಮ ಅಡುಗೆಮನೆ ಬಣ್ಣ ಕಣ್ರೀ," ಎಂದು ಅವಳು ಹೇಳಿದರೆ ಜನ ನಗುತ್ತಿದ್ದರು. ನಗುವುದಕ್ಕೇನು, ಗೆಲ್ಲುವ ಟೀಮಿನವರಿಗೆ ಬೇರೆ ಕೆಲಸವಾದರೂ ಏನಿರುತ್ತದೆ?

ಶೋಭಾ ಮೈಸೂರಿನ ಸರಸ್ವತೀಪುರಂನವಳು. ಮದುವೆಯಾಗಿ ಸ್ಯಾನ್ ಡಿಯಾಗೋಗೆ ಬಂದಾಗ ಗಂಡ ಗಿರೀಶ ಟೆಲಿಕಾಂ ಕಂಪನಿಯಲ್ಲಿದ್ದ. ಅವಳು ಪರೀಕ್ಷೆ ಕಟ್ಟಿ ಪಾಸಾಗಿ, ರಕ್ತ ಪರೀಕ್ಷೆಯ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದಳು. ಆ ಲ್ಯಾಬಿನ ಮೂಲೆಯಲ್ಲಿದ್ದ ಹಳೆಯ ರೇಡಿಯೋದಲ್ಲಿ ಬೇಸಿಗೆಯ ಉದ್ದಕ್ಕೂ ಪಾಡ್ರೆಸ್ ಆಟದ ಕಾಮೆಂಟರಿ. ಕ್ರಿಕೆಟ್ ಕೇಳಿ ಬೆಳೆದ ಶೋಭಾ ಮೊದಲ ವಾರ, "ನಾಲ್ಕೇ ಬಾಲ್‌ಗೆ ಓವರ್ ಮುಗಿದುಹೋಯ್ತಾ?" ಎಂದು ಕೇಳಿ ನಗೆಪಾಟಲಾದಳು. ಎರಡನೆಯ ವರ್ಷಕ್ಕೆ ಅಲ್ಲಿಯ ಹುಟ್ಟು ಅಮೆರಿಕನ್ನರಿಗೇ ಆಟದ ಸೂಕ್ಷ್ಮ ಬಿಡಿಸಿ ಹೇಳುವಷ್ಟಾದಳು. ಹದಿನೆಂಟು ವರ್ಷ ಸೂಕ್ಷ್ಮದರ್ಶಕದ ಮೇಲೆ ಕಣ್ಣು, ರೇಡಿಯೋದ ಮೇಲೆ ಕಿವಿ.

2021ರಲ್ಲಿ ಗಿರೀಶನಿಗೆ ಲಾಸ್ ಏಂಜಲೀಸ್‌ನಲ್ಲಿ ಹೊಸ ಕೆಲಸ ಸಿಕ್ಕಿತು. ಮನೆ ಮಾರಿ ಸೆರಿಟೋಸ್‌ಗೆ ಬಂದರು. ಆರು ತಿಂಗಳೂ ಕಳೆದಿರಲಿಲ್ಲ, ಗಿರೀಶ ನೀಲಿ ಟೋಪಿ ಹಾಕಿಕೊಂಡು ಆಫೀಸಿನವರ ಜೊತೆ ಡಾಜರ್ಸ್ ಆಟಕ್ಕೆ ಹೊರಟ. ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದ ಮಗಳು ನಿಕಿತಾಳೂ ನೀಲಿಯೇ. ಅವರಿಬ್ಬರೂ ಒಂದು ಮಾತು ಹೇಳದೆ ಅಷ್ಟು ಸಲೀಸಾಗಿ ಪಕ್ಷ ಬದಲಿಸಿದ್ದಕ್ಕೆ ಶೋಭಾಳಿಗೆ ನಿಜಕ್ಕೂ ನೋವಾಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಒಂದು ಆಟಕ್ಕೆ ಇಷ್ಟೊಂದಾ ಅನ್ನುತ್ತಾರೆ.

ಎರಡು ವರ್ಷ ಹೀಗೇ ಕಳೆಯಿತು. ಮೂರನೆಯ ವರ್ಷ ಪಾಡ್ರೆಸ್ ಅವಳ ಹೊಟ್ಟೆ ಉರಿಸಿದ್ದು ಅಷ್ಟಿಷ್ಟಲ್ಲ. ಇವತ್ತು ಹನ್ನೆರಡು ರನ್ ಹೊಡೆದವರು ನಾಳೆ ಸೊನ್ನೆಗೆ ಗಂಟುಮೂಟೆ ಕಟ್ಟುತ್ತಿದ್ದರು. ಒಂದೇ ಒಂದು ರನ್ನಿನಿಂದ ಸೋಲುವುದನ್ನಂತೂ ಕಸುಬು ಮಾಡಿಕೊಂಡಿದ್ದರು. "ಅಲ್ಲಿ ಆರ್‌ಸಿಬಿ, ಇಲ್ಲಿ ಇದು. ಹುಡುಕಿ ಹುಡುಕಿ ಸೋಲೋರನ್ನೇ ಹಿಡೀತೀಯಲ್ಲೇ," ಎಂದು ಗಿರೀಶ ಛೇಡಿಸುತ್ತಿದ್ದ. ಆಗಸ್ಟ್ ಹೊತ್ತಿಗೆ ಟೀವಿಯವರೂ ಕೈಬಿಟ್ಟರು. ಆಮೇಲೆ ಸೆಪ್ಟೆಂಬರ್ ಬಂತು ನೋಡಿ, ಮೈಮೇಲೆ ದೇವರು ಬಂದವರ ಹಾಗೆ ಸಾಲಾಗಿ ಏಳು ಪಂದ್ಯ ಗೆದ್ದರು. ಆದರೂ ಪ್ಲೇಆಫ್‌ಗೆ ಹೋಗುವ ದಾರಿಯಲ್ಲಿ ಇನ್ನೂ ಮೂರು ಟೀಮು ಅಡ್ಡ ನಿಂತಿದ್ದವು. ತವರಿನಲ್ಲಿ ಉಳಿದದ್ದು ಎರಡೇ ಪಂದ್ಯ, ಶನಿವಾರ ಮತ್ತು ಭಾನುವಾರ. ಊರು ಬಿಟ್ಟ ಮೇಲೆ ಶೋಭಾ ಸ್ಟೇಡಿಯಂ ಮೆಟ್ಟಿಲು ಹತ್ತಿರಲಿಲ್ಲ. ಈ ಸಲ ಯಾರನ್ನೂ ಕೇಳದೆ ಶನಿವಾರಕ್ಕೆ ಒಂದು ಟಿಕೆಟ್ ತೆಗೆದಳು.

ಅದೇ ಶನಿವಾರ ಕನ್ನಡ ಸಂಘದ ಗಣೇಶನ ಹಬ್ಬ. ಅಸಲು ಚೌತಿ ಹಿಂದೆಯೇ ಮುಗಿದಿತ್ತು, ಆದರೆ ಇಲ್ಲಿ ಗಣಪತಿ ಬರುವುದು ಹಾಲ್ ಖಾಲಿ ಇರುವ ದಿನ. ಯಾರ ಮನೆಯಿಂದ ಏನು ಎಂದು ಬರೆಯುವ ಸೈನ್ ಅಪ್ ಶೀಟ್ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿತ್ತು. ಗಿರೀಶ ಅದರಲ್ಲಿ ಧಾರಾಳವಾಗಿ ಬರೆದಿದ್ದ: ಗಿರೀಶ, ಇನ್ನೂರು ಕಾಯಿ ಕಡುಬು. ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಕೇಳುವುದೇನು, ಇಪ್ಪತ್ತು ವರ್ಷದಿಂದ ನಮ್ಮ ಗಂಡಸರು ಆ ಶೀಟಿನಲ್ಲಿ ತಮ್ಮ ಹೆಸರು ಹಾಕುವುದು, ಹೆಂಗಸರು ಒಲೆ ಮುಂದೆ ನಿಲ್ಲುವುದು ನಡೆದೇ ಬಂದಿದೆ.

ಗುರುವಾರ ಸಂಜೆ ಅವನು ಅಕ್ಕಿಹಿಟ್ಟಿನ ಚೀಲ ಹೊತ್ತು ತಂದಾಗ ಶೋಭಾಳಿಗೆ ವಿಷಯ ತಿಳಿಯಿತು.

"ಶನಿವಾರ ನಾನು ಇರಲ್ಲರೀ. ಪಾಡ್ರೆಸ್ ಆಟಕ್ಕೆ ಹೋಗ್ತಿದೀನಿ."

"ಅಯ್ಯೋ, ದಿವಾಕರ ಅವರಿಗೆ ಹೇಳ್ಬಿಟ್ಟಿದೀನಿ ಕಣೇ. ಅವರು ಪ್ರೆಸಿಡೆಂಟು, ಎಲ್ಲರ ಮುಂದೆ ಮರ್ಯಾದೆ ಹೋಗುತ್ತೆ. ಹೆಂಗೂ ನಿನ್ನ ಟೀಮು ಸೋಲುತ್ತೆ, ಅದಕ್ಕೆ ಅಲ್ಲೀತನಕ ಯಾಕೆ ಡ್ರೈವ್ ಮಾಡ್ತೀಯ?"

ಶೋಭಾ ಚೀಲವನ್ನು ನೋಡಿದಳು, ಅವನನ್ನು ನೋಡಿದಳು. ಅವಳ ಮುಖ ಕೆಂಪಾಯಿತು.

"ಲ್ಯಾಬ್ ಬಿಟ್ಟೆ. ಮನೆ ಬಿಟ್ಟೆ. ಹಿತ್ತಲಲ್ಲಿ ನಾನು ನೆಟ್ಟಿದ್ದ ನಿಂಬೆ ಗಿಡ ಕಾಯಿ ಬಿಡೋ ಹೊತ್ತಿಗೆ ಅದನ್ನೂ ಬಿಟ್ಟೆ. ನೀವು ಹೋಗೋಣ ಅಂದ್ರಿ, ಬಂದೆ. ನಂದು ಅಂತ ಉಳಿದಿರೋದು ಇದೊಂದೇ. ಇದನ್ನ ಬಿಡಲ್ಲ."

"ಹಾಗಾದ್ರೆ ಕಡುಬು?"

"ಶೀಟಲ್ಲಿ ಯಾರ ಹೆಸರಿದೆ?"

ಗಿರೀಶ ಫೋನ್ ತೆಗೆದು ನೋಡಿದ. ಇದ್ದದ್ದು ಅವನದೇ ಹೆಸರು.

ಶೋಭಾ ಕಟುಕಳೇನಲ್ಲ. ಶುಕ್ರವಾರ ತೆಂಗಿನಕಾಯಿ ತುರಿದು, ಬೆಲ್ಲ ಹಾಕಿ, ಏಲಕ್ಕಿ ಕುಟ್ಟಿ, ಇನ್ನೂರು ಕಡುಬಿಗಾಗುವಷ್ಟು ಹೂರಣ ಮಾಡಿಟ್ಟಳು. ಕಣಕ ಹೇಗೆ ನಾದಬೇಕು, ಅಂಚು ಹೇಗೆ ಒತ್ತಬೇಕು ಎಂದು ಎರಡು ಸಲ ತೋರಿಸಿಕೊಟ್ಟಳು. ನಿಕಿತಾಳಿಗೂ ಫೋನ್ ಮಾಡಿ ಅಪ್ಪನ ಸಹಾಯಕ್ಕೆ ಬರಲು ಹೇಳಿದಳು. ನಿಕಿತಾ ನಗುತ್ತ, "ಅಮ್ಮಾ, ಜಸ್ಟ್ ಗೋ. ವಿ ವಿಲ್ ಮ್ಯಾನೇಜ್," ಎಂದಳು. ಶನಿವಾರ ಬೆಳಗ್ಗೆ ಶೋಭಾ ಕಾಫಿ ಬಣ್ಣದ, ಹಳದಿ ಅಂಚಿನ ಮೈಸೂರು ಸಿಲ್ಕ್ ಸೀರೆ ಉಟ್ಟು ಕಾರು ಹತ್ತಿದಳು. ಫ್ರೀವೇಯಲ್ಲಿ ಸಮುದ್ರ ಎಡಕ್ಕೆ ಬರುತ್ತದೆಂದು ಕಾಯುತ್ತಿದ್ದಳು, ಅದು ಬಲಕ್ಕೆ ಬಂತು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಬಲಕ್ಕೆ ಅನ್ನುವುದು ಎರಡು ವರ್ಷದಲ್ಲಿ ಅವಳಿಗೂ ಮರೆತಿತ್ತು, ಒಬ್ಬಳೇ ಜೋರಾಗಿ ನಕ್ಕಳು. ಒಬ್ಬಳೇ ಆಟಕ್ಕೆ ಹೋಗುತ್ತಿದ್ದದ್ದು ಅದೇ ಮೊದಲು.

ಆಟ ಹೇಗಿತ್ತು ಅನ್ನುವಿರಾ? ಆ ವರ್ಷದ ಪಾಡ್ರೆಸ್ ಆಟ ಹೇಗಿರಬೇಕೋ ಹಾಗೇ ಇತ್ತು. ಮೊದಲ ಇನಿಂಗ್ಸ್‌ನಲ್ಲೇ ಮೂರು ರನ್ ಕೊಟ್ಟರು, ಆಮೇಲೆ ಒದ್ದಾಡಿ ಎರಡು ಗಳಿಸಿದರು. ಕೊನೆಯ ಇನಿಂಗ್ಸ್‌ನಲ್ಲಿ ಮೂರು ಬೇಸ್‌ಗಳಲ್ಲೂ ರನ್ನಿಗೆ ಕಾದು ಆಟಗಾರರು ನಿಂತಿದ್ದರು, ಒಂದು ಒಳ್ಳೆಯ ಹೊಡೆತ ಸಾಕಿತ್ತು. ನಲವತ್ತು ಸಾವಿರ ಜನ ಎದ್ದು ನಿಂತರು. ಬ್ಯಾಟು ಹಿಡಿದವನು ಮೂರು ಸಲ ಬೀಸಿದ, ಮೂರೂ ಸಲ ಗಾಳಿಗೇ ಬೀಸಿ ಔಟಾದ. ಮುಗಿಯಿತು. ಶೋಭಾಳಿಗೆ ಅವನನ್ನು ಹಿಡಿದು ನಾಲ್ಕು ಬಾರಿಸೋಣ ಅನ್ನಿಸಿತು. ಸುತ್ತಲಿನ ಜನ ಬೈಯುತ್ತ ಎದ್ದು ಹೋದರು. ಅವಳು ಮಾತ್ರ ನಿಂತೇ ಚಪ್ಪಾಳೆ ತಟ್ಟಿದಳು, ಅಂಗೈ ಉರಿಯುವಷ್ಟು. ಹೊರಗೆ ಬಂದವಳು ಕಾರಿನ ಕಡೆ ಹೋಗಲಿಲ್ಲ. ನೇರ ಟಿಕೆಟ್ ಕಿಟಕಿಗೆ ಹೋದಳು.

ಸಂಜೆ ಕಡುಬು ಬೇಯಿಸಿದ್ದ ತನ್ನ ಇಡ್ಲಿ ಪಾತ್ರೆಗಳನ್ನು ತೆಗೆದುಕೊಳ್ಳಲು ಅವಳು ಹಾಲ್‌ಗೆ ಬಂದಾಗ ಕುರ್ಚಿ ಮಡಚುವುದು ನಡೆದಿತ್ತು. ಗಿರೀಶನ ಎರಡು ಬೆರಳಿಗೆ ಪ್ಲಾಸ್ಟರು. ಇನ್ನೂರರಲ್ಲಿ ನೂರರಷ್ಟು ಕಡುಬು ಬಾಯಿ ಬಿಟ್ಟಿದ್ದವಂತೆ. ಗಣಪತಿಗೆ ನೆಟ್ಟಗಿದ್ದ ಇಪ್ಪತ್ತೊಂದನ್ನು ಆರಿಸಿ ಇಟ್ಟು, ಉಳಿದದ್ದನ್ನು ಜನ ಚಮಚದಲ್ಲಿ ತಿಂದರಂತೆ.

ನೀಲಿ ಟೋಪಿಯ ದಿವಾಕರ ನಗುತ್ತ ಬಂದರು. "ಏನ್ ಶೋಭಾ ಅವರೇ, ಸೋತರಂತೆ?"

"ಸೋತರು."

"ಇನ್ನೇನ್ ಮುಗೀತು ಬಿಡಿ. ಉಳಿದಿದ್ದೆಲ್ಲಾ ಗೆದ್ದು, ಮೇಲಿನ ಮೂರೂ ಟೀಮು ಸೋತರೆ ಮಾತ್ರ ಪ್ಲೇಆಫು. ಆಗೋ ಮಾತಾ? ನಮ್ಮ ಕಡೆ ಬಂದ್ಬಿಡಿ, ಟೋಪಿ ನಾನೇ ಕೊಡಿಸ್ತೀನಿ."

"ಟೋಪಿ ನೀವೇ ಇಟ್ಕೊಳ್ಳಿ. ನಾಳೆಗೂ ಟಿಕೆಟ್ ತಗೊಂಡೇ ಬಂದಿದೀನಿ."

ಗಿರೀಶ ಹುಬ್ಬೇರಿಸಿದ. "ನಾಳೆಗಾ? ಇನ್ನು ಗೆದ್ದರೂ ಪ್ರಯೋಜನ ಇಲ್ವಲ್ಲೇ, ಯಾಕೆ ಹೋಗ್ತೀಯ?"

"ಗೆಲ್ಲೋರ ಹಿಂದೆ ಹೋಗೋಕೆ ನೀವೆಲ್ಲಾ ಇದೀರಲ್ಲ. ಇವರ ಜೊತೆ ಇರೋಕೆ ಯಾರಾದ್ರೂ ಬೇಡ್ವಾ?"

ದಿವಾಕರ ಕುರ್ಚಿ ಮಡಚುವವರ ಕಡೆ ನಡೆದರು. ಗಿರೀಶ ಇಡ್ಲಿ ಪಾತ್ರೆಗಳನ್ನು ಎತ್ತಿಕೊಂಡು ಅವಳ ಹಿಂದೆ ಕಾರಿನವರೆಗೂ ನಡೆದು ಬಂದ. ಪಾತ್ರೆಗಳನ್ನು ಡಿಕ್ಕಿಯಲ್ಲಿಟ್ಟು, ಮುಚ್ಚಳ ಹಾಕಿದ.

"ನಾಳೆ ನಾನೂ ಬರ್ಲಾ?"

ಶೋಭಾ ಗಂಡನ ನೀಲಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಬನ್ನಿ," ಎಂದಳು. "ಆದರೆ ಅವರು ಸೋತ ಮೇಲೂ ಎದ್ದು ನಿಂತು ಚಪ್ಪಾಳೆ ಹೊಡೀಬೇಕು. ಆಗಲ್ಲ ಅಂದ್ರೆ ಮನೇಲೇ ಇರಿ."